ಉರಿಬಿಸಿಲಿನ ಜಾಗಕ್ಕೆ ಹೂವಿನ ಹಾಸು: ಟೇಬಲ್ ರೋಸ್ ಬೆಳೆಸೋದು ಹೇಗೆ

ಬೆಳಗ್ಗೆಯಿಂದ ಸಾಯಂಕಾಲದ ತನಕ ಬಿಸಿಲು ಬಡಿಯೋ ಜಾಗ, ಹುಲ್ಲು ಹಾಕಿದ್ರೆ ದಿನಾ ನೀರು ಕೇಳತ್ತೆ, ಗುಲಾಬಿ ದಾಸವಾಳ ನೆಟ್ರೆ ಮಧ್ಯಾಹ್ನದ ಹೊತ್ತಿಗೆ ತಲೆ ಬಾಗಿಸ್ಕೊಂಡು ನಿಲ್ಲತ್ತೆ, ಹಾಗೇ ಬಿಟ್ರೆ ಕಳೆ ಬೆಳೆಯತ್ತೆ. ಇಂಥ ಜಾಗ ಇರೋರಿಗೆಲ್ಲ ನಾನು ಹೇಳೋದು ಒಂದೇ ಗಿಡದ ಹೆಸರು, ಟೇಬಲ್ ರೋಸ್. ಕೆಲವರು ಹತ್ತು ಗಂಟೆ ಹೂವು ಅಂತಾರೆ, ಕೆಲವರು ಮಾಸ್ ರೋಸ್ ಅಂತಾರೆ, ನರ್ಸರಿಯವರು ಪೋರ್ಟುಲಾಕ ಅಂತಾರೆ, ಎಲ್ಲಾ ಒಂದೇ. ನೆಲದಿಂದ ಒಂದು ಗೇಣೂ ಮೇಲೆ ಏಳಲ್ಲ, ಪಕ್ಕಕ್ಕೆ ಹಬ್ಕೊಂಡು ಹೋಗತ್ತೆ, ಬಿಸಿಲು ಏರಿದ ಹಾಗೆ ಒಂದೊಂದೇ ಹೂ ಬಿಚ್ಚಿ ಇಡೀ ಪಾತಿ ಗುಲಾಬಿ, ಹಳದಿ, ಕಿತ್ತಳೆ, ಬಿಳಿ ಬಣ್ಣದಲ್ಲಿ ತುಂಬಿ ಹೋಗತ್ತೆ.

ಬೆಳೆಸೋದು ಸುಲಭ ಅಂತ ಎಲ್ಲರೂ ಹೇಳ್ತಾರೆ, ಆದ್ರೂ ತುಂಬಾ ಜನರ ಹತ್ರ ಇದು ಎರಡು ತಿಂಗಳಲ್ಲಿ ಕೊಳೆತು ಹೋಗತ್ತೆ. ನಂದೂ ಮೊದಲ ಸಲ ಹಾಗೇ ಆಯ್ತು. ಹೊಸ ಪಾತಿ ಅಂತ ಪ್ರೀತಿಯಿಂದ ಗೊಬ್ಬರ ಸುರಿದು, ದಿನಾ ಸಾಯಂಕಾಲ ಪೈಪ್ ಹಿಡಿದು ನೀರು ಕೊಟ್ಟೆ, ಮೂರು ವಾರ ಹಸಿರು ಹಸಿರಾಗಿ ಉಬ್ಬಿ ಬಂತು, ಆಮೇಲೆ ನಾಲ್ಕು ದಿನ ಬಿಡದೆ ಮಳೆ ಬಂದದ್ದೇ ತಡ ಬುಡ ಎಲ್ಲಾ ಕಂದು ಬಣ್ಣಕ್ಕೆ ತಿರುಗಿ ಕೈಲಿ ಎತ್ತಿದ್ರೆ ಬೇರೇ ಇಲ್ದೆ ಎದ್ದು ಬಂತು. ಅವತ್ತು ನನಗೆ ಅರ್ಥ ಆಗಿದ್ದು, ಈ ಗಿಡ ಬರದಿಂದ ಸಾಯೋದು ಕಮ್ಮಿ, ಆರೈಕೆ ಜಾಸ್ತಿಯಾಗಿ ಸಾಯೋದೇ ಹೆಚ್ಚು. ಹಾಗಾಗಿ ಈ ಲೇಖನದಲ್ಲಿ ನೀರು ಹೇಗೆ ಕೊಡ್ಬೇಕು ಅನ್ನೋದಕ್ಕಿಂತ ನೀರು ಹೇಗೆ ಹೊರಗೆ ಹೋಗ್ಬೇಕು ಅನ್ನೋದರ ಬಗ್ಗೆನೇ ಜಾಸ್ತಿ ಬರೀತೀನಿ.

ಮೊದಲು ಗಿಡದ ಪರಿಚಯ

ಇದರ ಶಾಸ್ತ್ರೀಯ ಹೆಸರು ಪೋರ್ಟುಲಾಕ ಗ್ರಾಂಡಿಫ್ಲೋರಾ. ಮೂಲ ದಕ್ಷಿಣ ಅಮೆರಿಕ, ಅಂದ್ರೆ ಬ್ರೆಜಿಲ್‌ನ ದಕ್ಷಿಣ ಭಾಗ, ಉರುಗ್ವೆ, ಅರ್ಜೆಂಟೀನಾ ಕಡೆಯದು. 1829ರಲ್ಲಿ ವಿಲಿಯಂ ಜಾಕ್ಸನ್ ಹೂಕರ್ ಅನ್ನೋ ಸಸ್ಯಶಾಸ್ತ್ರಜ್ಞ ಇದಕ್ಕೆ ಈ ಹೆಸರು ಕೊಟ್ಟು ವಿವರಿಸಿದ್ದು. ಹೊಲ ಗದ್ದೆಯಲ್ಲಿ ಕಳೆಯಾಗಿ ಬರೋ ಗೋಣಿಸೊಪ್ಪು ಇದರ ಹತ್ತಿರದ ನೆಂಟ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಕಡ್ಡಿ ನೋಡಿದ ತಕ್ಷಣ ಸಂಬಂಧ ಗೊತ್ತಾಗತ್ತೆ, ಅದೇ ಕೆಂಪು ಛಾಯೆಯ ನೀರು ತುಂಬಿದ ಕಡ್ಡಿ.

ಅಂಗಡಿಯಲ್ಲಿ ಪೋರ್ಟುಲಾಕ ಅಂತ ಕೇಳಿದ್ರೆ ಎರಡು ಥರದ ಗಿಡ ಕೊಡ್ತಾರೆ. ಎಲೆ ದಪ್ಪ ಸೂಜಿ ಥರ ಉದ್ದಕ್ಕೆ ದುಂಡಗೆ ಇದ್ದು, ಎಲೆ ಕಡ್ಡಿ ಸೇರೋ ಕಡೆ ಬಿಳಿ ಕೂದಲಿನ ಹಾಗೆ ಎಳೆ ಎಳೆ ಕಾಣ್ತಿದ್ರೆ ಅದು ಗ್ರಾಂಡಿಫ್ಲೋರಾ. ಎಲೆ ಚಪ್ಪಟೆಯಾಗಿ ಅಗಲವಾಗಿ, ಹೆಚ್ಚುಕಮ್ಮಿ ಗೋಣಿಸೊಪ್ಪಿನ ಥರನೇ ಇದ್ರೆ ಅದು ಅಂಬ್ರಾಟಿಕೋಲ ಅನ್ನೋ ಇನ್ನೊಂದು ಜಾತಿಯ ತಳಿ. ಎರಡೂ ನೆಲಹಾಸಿಗೆ ಚೆನ್ನಾಗೇ ಬರತ್ತೆ, ಬೆಳೆಸೋ ಕ್ರಮನೂ ಒಂದೇ. ಆದ್ರೆ ಒಂದೇ ಪಾತಿಯಲ್ಲಿ ಎರಡನ್ನೂ ಬೆರೆಸೋಕೆ ಹೋಗ್ಬೇಡಿ, ಚಪ್ಪಟೆ ಎಲೆಯದು ಜೋರಾಗಿ ಹಬ್ಬಿ ಸೂಜಿ ಎಲೆಯದನ್ನ ಮುಚ್ಚಾಕಿಬಿಡತ್ತೆ, ನನ್ನ ಪಾತಿಯಲ್ಲಿ ಒಂದೇ ಸೀಸನ್‌ಗೆ ಹಾಗಾಯ್ತು.

ಇಷ್ಟು ಬಿಸಿಲು ತಡ್ಕೊಳ್ಳೋದು ಹೇಗೆ ಅಂತ ತಿಳ್ಕೊಂಡ್ರೆ ಆಮೇಲಿನ ಕೆಲಸ ಎಲ್ಲಾ ಸಲೀಸು. ಎಲೆ, ಕಡ್ಡಿ ಎರಡರಲ್ಲೂ ನೀರು ಶೇಖರಣೆ ಆಗಿರತ್ತೆ, ಅದು ಕಣ್ಣಿಗೇ ಕಾಣತ್ತೆ. ಕಣ್ಣಿಗೆ ಕಾಣದ್ದು ಏನಂದ್ರೆ, ಎಲ್ಲಾ ಗಿಡಗಳೂ ಆಹಾರ ಮಾಡ್ಕೊಳ್ಳೋಕೆ ಎಲೆಯಲ್ಲಿರೋ ಸಣ್ಣ ಸಣ್ಣ ರಂಧ್ರ ತೆಗೀಬೇಕು, ತೆಗೆದಾಗ ನೀರೂ ಆವಿಯಾಗಿ ಹೋಗತ್ತೆ. ಈ ಗಿಡ ಜೋಳ, ಕಬ್ಬು ಬಳಸೋ ಸಿ4 ಅನ್ನೋ ವಿಧಾನದಲ್ಲಿ ಕಮ್ಮಿ ನೀರು ಖರ್ಚು ಮಾಡಿ ಆಹಾರ ಮಾಡ್ಕೊಳ್ಳತ್ತೆ, ಜೊತೆಗೆ ಬರ ಬಂದಾಗ ಕಳ್ಳಿ ಗಿಡಗಳು ಬಳಸೋ ಕ್ಯಾಮ್ ಅನ್ನೋ, ರಾತ್ರಿ ತಂಪಲ್ಲಿ ರಂಧ್ರ ತೆಗೆಯೋ ವಿಧಾನವನ್ನೂ ಶುರು ಮಾಡ್ಕೊಳ್ಳತ್ತೆ. ಎರಡೂ ಒಂದೇ ಗಿಡದಲ್ಲಿ ಇರೋದು ಬಹಳ ಅಪರೂಪ. ಅಂದ್ರೆ ಬಿಸಿಲಿಗೆ ಇದು ಬರೀ ಹೊಂದ್ಕೊಂಡಿರೋದಲ್ಲ, ಅದರ ದೇಹನೇ ಬಿಸಿಲಿಗಾಗಿ ಕಟ್ಟಿರೋದು. ನೆರಳಲ್ಲಿ ಇಟ್ಟು ನೀರು ಹಾಕಿದ್ರೆ ಅದಕ್ಕೆ ಕಷ್ಟ ಆಗೋದು ಸಹಜ ಅಲ್ವಾ.

ಜಾಗ ಆರಿಸೋದು

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು, 8 ಗಂಟೆ ಇದ್ರೆ ಇನ್ನೂ ಒಳ್ಳೇದು. ಊಹೆ ಮಾಡ್ಬೇಡಿ, ಒಂದು ದಿನ ಬೆಳಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಹೋಗಿ ಫೋನಲ್ಲಿ ಒಂದೊಂದು ಫೋಟೋ ತೆಗೀರಿ, ಮೂರರಲ್ಲೂ ನೆಲದ ಮೇಲೆ ಬಿಸಿಲು ಬಿದ್ದಿದ್ರೆ ಜಾಗ ಸರಿ ಇದೆ. ಗೋಡೆ ಪಕ್ಕ, ಸಿಮೆಂಟ್ ದಾರಿಯ ಅಂಚು, ಕಲ್ಲು ಜೋಡಿಸಿದ ಇಳಿಜಾರು, ಬೇರೆ ಗಿಡಗಳು ಕಾವು ತಾಳದೆ ಸಾಯೋ ಜಾಗಗಳೇ ಇದಕ್ಕೆ ಇಷ್ಟ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಇದು ಹುಲ್ಲಿನ ಬದಲಿ ಅಲ್ಲ, ಇದರ ಮೇಲೆ ನಡೆಯೋಕಾಗಲ್ಲ. ಕಡ್ಡಿ ತುಂಬಾ ನೀರಿರೋದ್ರಿಂದ ಕಾಲಿಟ್ರೆ ಸೌತೆಕಾಯಿ ಮುರಿದ ಹಾಗೆ ಪಟ್ ಅಂತ ಮುರಿಯತ್ತೆ. ಪಾತಿ ನಾಲ್ಕು ಅಡಿಗಿಂತ ಅಗಲ ಇದ್ರೆ ಮಧ್ಯದಲ್ಲಿ ಎರಡು ಮೂರು ಚಪ್ಪಡಿ ಕಲ್ಲು ಹಾಕಿ ಇಡಿ, ಕಳೆ ತೆಗೆಯೋಕೆ ಕಾಲಿಡೋ ಜಾಗ ಬೇಕೇ ಬೇಕು.

ಇನ್ನೊಂದು ಮಾತು. ಬೇಗ ಹಬ್ಬತ್ತೆ ಅಂತ ಕೆಲವರು ಹಳದಿ ಹೂವಿನ ವೆಡೇಲಿಯಾ ಹಾಕ್ತಾರೆ, ಲಂಟಾನ ಹಾಕ್ತಾರೆ. ಇವೆರಡೂ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳು ಅಂತ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪ್ರಕಟಿಸಿದ ಪಟ್ಟಿಯಲ್ಲಿವೆ. ವೆಡೇಲಿಯಾದ ಕಡ್ಡಿ ನೆಲಕ್ಕೆ ತಾಗಿದ ಕಡೆ ಎಲ್ಲಾ ಬೇರು ಬಿಟ್ಕೊಂಡು ಹೋಗತ್ತೆ, ಬೇಲಿ ದಾಟಿದ್ರೆ ಹಿಡಿಯೋಕಾಗಲ್ಲ. ಟೇಬಲ್ ರೋಸ್ ಬೀಜ ಉದುರಿ ಅಲ್ಲಲ್ಲಿ ತಾನಾಗೇ ಹುಟ್ಟೋದು ನಿಜ, ಆದ್ರೆ ಬೇಡ ಅನ್ನಿಸಿದ್ರೆ ಎರಡು ಬೆರಳಲ್ಲಿ ಹಿಡಿದು ಕಿತ್ತುಬಿಡಬಹುದು.

ಮಣ್ಣು, ಇಲ್ಲೇ ಅರ್ಧ ಕೆಲಸ

ಮಣ್ಣಿನ ಸಾರದ ಬಗ್ಗೆ ತಲೆ ಕೆಡಿಸ್ಕೋಬೇಡಿ, ನೀರು ನಿಲ್ಲತ್ತಾ ಇಲ್ವಾ ಅನ್ನೋದೊಂದೇ ಪ್ರಶ್ನೆ. ಪರೀಕ್ಷೆ ಮಾಡೋದು ಹೀಗೆ: ಪಾತಿ ಮಾಡೋ ಜಾಗದಲ್ಲಿ ಒಂದು ಅಡಿ ಆಳ ಒಂದು ಅಡಿ ಅಗಲ ಗುಂಡಿ ತೋಡಿ, ತುಂಬಾ ನೀರು ಹಾಕಿ, ಅದು ಪೂರ್ತಿ ಇಂಗಲಿ, ಆಮೇಲೆ ಎರಡನೇ ಸಲ ತುಂಬಿಸಿ ಒಂದು ಕಡ್ಡಿ ನೆಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿ. ಗಂಟೆಗೆ ಒಂದು ಇಂಚಿಗಿಂತ ಜಾಸ್ತಿ ಇಳಿದ್ರೆ ಜಾಗ ಸರಿ ಇದೆ. ಎರಡನೇ ಸಲದ್ದೇ ಲೆಕ್ಕ ಯಾಕಂದ್ರೆ ಮೊದಲ ಸಲ ಒಣ ಮಣ್ಣು ನೀರು ಕುಡಿಯತ್ತೆ, ಅದು ನಿಜವಾದ ಇಂಗುವಿಕೆ ತೋರಿಸಲ್ಲ.

ಮರಳು ಮಿಶ್ರಿತ ಕೆಂಪು ಮಣ್ಣು, ಜಲ್ಲಿ ಸೇರಿದ ಮಣ್ಣು ಇದ್ರೆ ನೀವು ಅದೃಷ್ಟವಂತರು, ಅರ್ಧ ಅಡಿ ಆಳಕ್ಕೆ ಕೆದಕಿ ಕಳೆ ಬೇರು ಆರಿಸಿದ್ರೆ ಸಾಕು. ಸಾಧಾರಣ ತೋಟದ ಮಣ್ಣಾದ್ರೆ ಎರಡು ಬಾಂಡ್ಲಿ ಮಣ್ಣಿಗೆ ಒಂದು ಬಾಂಡ್ಲಿ ದಪ್ಪ ಮರಳು, ಒಂದು ಬೊಗಸೆ ಹಳೇ ಕೊಟ್ಟಿಗೆ ಗೊಬ್ಬರ, ಅಷ್ಟೇ. ಮರಳು ಅಂದ್ರೆ ಕೈಲಿ ಹಿಡಿದಾಗ ಕಾಳು ಕಾಳಾಗಿ ಚುಚ್ಚೋ ಮರಳು, ಗೋಡೆ ಗಾರೆಗೆ ಜರಡಿ ಹಿಡಿದ ನುಣುಪು ಮರಳು ಹಾಕಿದ್ರೆ ಉಪಯೋಗಕ್ಕಿಂತ ಕಾಟನೇ ಜಾಸ್ತಿ.

ಜಿಗುಟು ಎರೆಮಣ್ಣು ಇರೋರು ಸ್ವಲ್ಪ ಗಮನ ಇಟ್ಟು ಓದಿ. ಎರೆಮಣ್ಣಿಗೆ ಒಂದೆರಡು ಬಾಂಡ್ಲಿ ಮರಳು ಬೆರೆಸಿದ್ರೆ ಹಗುರ ಆಗತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಆಗಲ್ಲ, ಮರಳಿನ ಕಾಳುಗಳ ಸಂದಿಗೆಲ್ಲ ಜೇಡಿ ತುಂಬ್ಕೊಂಡು ಒಣಗಿದಾಗ ಇಟ್ಟಿಗೆ ಥರ ಗಟ್ಟಿ ಆಗತ್ತೆ. ಅಲ್ಲಿ ಕೆಳಗಿನ ಮಣ್ಣನ್ನ ಬದಲಾಯಿಸೋಕೆ ಹೋಗೋದೇ ಬೇಡ, ಅದರ ಮೇಲೆ ಪಾತಿ ಎತ್ತರಿಸಿ. ಸುತ್ತಲೂ ಇಟ್ಟಿಗೆನೋ ಕಲ್ಲೋ ಜೋಡಿಸಿ, ಆರು ಇಂಚು ಎತ್ತರಕ್ಕೆ ಮೇಲೆ ಹೇಳಿದ ಮಿಶ್ರಣ ತುಂಬಿ, ಮಧ್ಯ ಸ್ವಲ್ಪ ಉಬ್ಬು ಬರೋ ಹಾಗೆ ಮಾಡಿ, ಮಳೆ ನೀರು ಎರಡೂ ಕಡೆ ಜಾರಿ ಹೋಗ್ಬೇಕು. ಇಟ್ಟಿಗೆ ಮಧ್ಯೆ ಸಿಮೆಂಟ್ ಹಾಕ್ಬೇಡಿ, ಸಂದಿ ಇರಲಿ, ನೀರು ಹೋಗೋಕೆ ಅದೇ ದಾರಿ. ಇದರ ಬೇರು ಆಳಕ್ಕೆ ಹೋಗೋದಲ್ಲ, ಆರು ಇಂಚು ಒಳ್ಳೇ ಮಣ್ಣು ಸಿಕ್ಕಿದ್ರೆ ಧಾರಾಳ.

ಪಾತಿ ರೆಡಿ ಆದ ತಕ್ಷಣ ನೆಡಬೇಡಿ. ಒಂದು ಸಲ ನೀರು ಕೊಟ್ಟು ಹತ್ತು ಹದಿನೈದು ದಿನ ಸುಮ್ನೆ ಬಿಡಿ. ಮಣ್ಣಲ್ಲಿರೋ ಕಳೆ ಬೀಜ ಎಲ್ಲಾ ಮೊಳೆಯತ್ತೆ, ಆಗ ಮೇಲ್ಮೇಲೆ ಕೆರೆದು ತೆಗೆದುಬಿಡಿ, ಆಳಕ್ಕೆ ಅಗೆಯಬೇಡಿ, ಅಗೆದ್ರೆ ಕೆಳಗಿನ ಬೀಜ ಮೇಲೆ ಬರತ್ತೆ. ಆತುರದಲ್ಲಿ ಈ ಹೆಜ್ಜೆ ಬಿಟ್ಟವರು ಆಮೇಲೆ ನೂರಾರು ಎಳೇ ಗಿಡಗಳ ಮಧ್ಯೆ ಕೂತು ಒಂದೊಂದೇ ಕಳೆ ಕೀಳ್ತಾ ಸೊಂಟ ನೋವು ಮಾಡ್ಕೋತಾರೆ. ಅದರಲ್ಲೂ ಗೋಣಿಸೊಪ್ಪಿನ ಎಳೇ ಸಸಿ ಮತ್ತೆ ಟೇಬಲ್ ರೋಸ್ ಎಳೇ ಸಸಿ ಮೊದಲ ವಾರ ನೋಡೋಕೆ ಒಂದೇ ಥರ ಇರತ್ತೆ, ಯಾವುದನ್ನ ಕೀಳೋದು ಯಾವುದನ್ನ ಬಿಡೋದು ಗೊತ್ತಾಗಲ್ಲ.

ಕಡ್ಡಿ ನೆಡೋದಾ, ಬೀಜ ಹಾಕೋದಾ

ಪರಿಚಯದವರ ಹತ್ರ ಗಿಡ ಇದ್ರೆ ಕಡ್ಡಿನೇ ತಗೊಳ್ಳಿ, ಬೇಗ ಆಗತ್ತೆ, ಬಣ್ಣನೂ ಖಾತ್ರಿ, ಕೆಂಪು ಗಿಡದ ಕಡ್ಡಿಗೆ ಕೆಂಪೇ ಬರೋದು. ಮುದ್ದೆ ಹೂ ಅಂದ್ರೆ ಗುಲಾಬಿ ಥರ ಎಸಳು ತುಂಬಿರೋದು ಬೇಕಂದ್ರಂತೂ ಕಡ್ಡಿನೇ ಸರಿ, ಯಾಕಂದ್ರೆ ಮುದ್ದೆ ಹೂವಿನ ಬೀಜ ಹಾಕಿದ್ರೂ ಕೆಲವು ಗಿಡ ಐದೆಸಳಿನ ಸಾದಾ ಹೂವೇ ಬಿಡತ್ತೆ.

ಕಡ್ಡಿ ತೆಗೆಯೋದು ಬೆಳಗ್ಗೆ ಹೊತ್ತು. ಹೂ ಮೊಗ್ಗು ಇಲ್ಲದ ತುದಿ ನೋಡಿ ಮೂರು ನಾಲ್ಕು ಇಂಚು ಉದ್ದಕ್ಕೆ ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಮೊಗ್ಗಿದ್ರೆ ಚಿವುಟಿ ಹಾಕಿ. ಕೆಳಗಿನ ಒಂದೂವರೆ ಇಂಚಿನ ಎಲೆ ಎಲ್ಲಾ ಬೆರಳಲ್ಲಿ ಸವರಿ ತೆಗೀರಿ. ಈಗ ಮುಖ್ಯವಾದ ಕೆಲಸ, ತಕ್ಷಣ ನೆಡದೆ ನೆರಳಲ್ಲಿ ಪೇಪರ್ ಮೇಲೆ ಹರಡಿ ಅರ್ಧ ದಿನ, ಬೇಕಿದ್ರೆ ಒಂದು ರಾತ್ರಿ ಬಿಡಿ. ಕತ್ತರಿಸಿದ ಬಾಯಿ ಒಣಗಿ ಒಂದು ತೆಳು ಪೊರೆ ಕಟ್ಟತ್ತೆ, ಅದು ಕಟ್ಟದೆ ಒದ್ದೆ ಮಣ್ಣಿಗೆ ಹೋದ್ರೆ ಅಲ್ಲಿಂದಲೇ ಕೊಳೆಯೋಕೆ ಶುರು. ಕಡ್ಡಿ ಸ್ವಲ್ಪ ಬಾಡಿದ ಹಾಗೆ ಕಾಣತ್ತೆ, ಗಾಬರಿ ಬೇಡ, ಅದರೊಳಗೆ ಇನ್ನೂ ಸಾಕಷ್ಟು ನೀರಿದೆ. ಬೇರು ಬರಿಸೋ ಹಾರ್ಮೋನ್ ಪುಡಿ ಏನೂ ಬೇಕಾಗಿಲ್ಲ.

ಎಂಟು ಇಂಚಿಗೊಂದು ಕಡ್ಡಿ ಹಾಕಿ. ಹತ್ತು ಅಡಿ ಉದ್ದ ನಾಲ್ಕು ಅಡಿ ಅಗಲದ ಪಾತಿಗೆ ಉದ್ದಕ್ಕೆ 15, ಅಡ್ಡಕ್ಕೆ 6, ಒಟ್ಟು 90 ಕಡ್ಡಿ ಬೇಕಾಗತ್ತೆ. ಅಷ್ಟು ಸಿಗ್ಲಿಲ್ಲ ಅಂದ್ರೆ ಒಂದು ಅಡಿಗೊಂದು ಹಾಕಿದ್ರೆ 40ಕ್ಕೆ ಮುಗಿಯತ್ತೆ, ಮುಚ್ಚೋಕೆ ಮೂರು ನಾಲ್ಕು ವಾರ ಜಾಸ್ತಿ ಹಿಡಿಯತ್ತೆ, ಅಷ್ಟೇ ವ್ಯತ್ಯಾಸ. ಪೆನ್ಸಿಲ್‌ನಲ್ಲಿ ತೂತು ಮಾಡಿ, ಕಡ್ಡಿಯ ಬರಿದಾದ ಭಾಗ ಒಳಗೆ ಇಳಿಸಿ, ಸುತ್ತ ಮಣ್ಣು ಬೆರಳಲ್ಲಿ ಅದುಮಿ. ಸಾಲು ಸಾಲಾಗಿ ಹಾಕೋ ಬದಲು ಒಂದು ಸಾಲಿನ ಎರಡು ಕಡ್ಡಿ ಮಧ್ಯಕ್ಕೆ ಮುಂದಿನ ಸಾಲಿನ ಕಡ್ಡಿ ಬರೋ ಹಾಗೆ ಹಾಕಿದ್ರೆ ನೆಲ ಬೇಗ ಮುಚ್ಚತ್ತೆ. ಹತ್ತು ಹದಿನಾಲ್ಕು ದಿನದಲ್ಲಿ ಬೇರು ಬಂದಿರತ್ತೆ, ಮೆತ್ತಗೆ ಎಳೆದು ನೋಡಿದ್ರೆ ಮಣ್ಣು ಹಿಡ್ಕೊಂಡಿರೋದು ಕೈಗೆ ಗೊತ್ತಾಗತ್ತೆ. ಒಂದನ್ನ ಮಾತ್ರ ಎಳೆದು ನೋಡಿ, ದಯವಿಟ್ಟು ಎಲ್ಲವನ್ನೂ ಎಳೀಬೇಡಿ.

ಬೀಜ ಹಾಕೋರಿಗೆ: ಬೀಜ ನಂಬೋಕಾಗದಷ್ಟು ಸಣ್ಣದು, ಒಂದು ಗ್ರಾಂಗೆ ಹೆಚ್ಚುಕಮ್ಮಿ 10,000 ಬೀಜ ಬರತ್ತೆ, ಉಕ್ಕಿನ ಪುಡಿ ಥರ ಬೂದು ಬಣ್ಣದಲ್ಲಿ ಹೊಳೆಯತ್ತೆ. ಹಾಗೇ ಕೈಲಿ ಉದುರಿಸಿದ್ರೆ ಎಲ್ಲಾ ಒಂದೇ ಕಡೆ ಬೀಳತ್ತೆ, ಅದಕ್ಕೆ ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ, ಆ ಮರಳನ್ನ ಉದುರಿಸ್ತಾ ಹೋಗಿ. ಮೊಳೆಯೋಕೆ ಬೆಳಕು ಬೇಕು, ಆದ್ರಿಂದ ಮೇಲೆ ಮಣ್ಣು ಮುಚ್ಚೋ ಹಾಗಿಲ್ಲ, ಅಂಗೈಯಲ್ಲಿ ಮೆತ್ತಗೆ ಒತ್ತಿ ಬಿಡಿ, ಸಾಕು. ಹವೆ ಬೆಚ್ಚಗಿರಬೇಕು, 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ರೆ ಒಂದರಿಂದ ಎರಡು ವಾರದಲ್ಲಿ ಮೊಳಕೆ ಕಾಣತ್ತೆ. ನೀರು ಸ್ಪ್ರೇ ಬಾಟಲ್‌ನಲ್ಲೇ ಕೊಡ್ಬೇಕು, ಮಗ್‌ನಲ್ಲಿ ಹಾಕಿದ್ರೆ ಬೀಜ ಎಲ್ಲಾ ಒಂದು ಮೂಲೆಗೆ ಕೊಚ್ಕೊಂಡು ಹೋಗತ್ತೆ. ಮೊಳಕೆ ಬಂದ ಮೇಲೂ ಮಣ್ಣು ಸದಾ ಒದ್ದೆ ಇಟ್ರೆ ಸಸಿಗಳು ಬುಡದಲ್ಲಿ ದಾರದ ಹಾಗೆ ಸಣ್ಣಗಾಗಿ ಒಟ್ಟೊಟ್ಟಿಗೆ ಮಲಗಿಬಿಡ್ತಾವೆ, ಅದಕ್ಕೆ ಮೇಲ್ಮಣ್ಣು ಒಣಗಿದ ಮೇಲೇ ಮುಂದಿನ ಸ್ಪ್ರೇ. ಒಂದು ಇಂಚು ಎತ್ತರ ಆದಾಗ ದಟ್ಟ ಇರೋ ಕಡೆಯಿಂದ ಕಿತ್ತು ಖಾಲಿ ಇರೋ ಕಡೆ ನೆಡಿ. ಬೀಜದಿಂದ ಮೊದಲ ಹೂವಿಗೆ ಸುಮಾರು ಎರಡು ತಿಂಗಳು ಅಂತ ಇಟ್ಕೊಳ್ಳಿ.

ಮೊದಲ ನಾಲ್ಕು ವಾರ ಬೇರೆನೇ ಲೆಕ್ಕ

ಬರ ತಡೆಯೋ ಗಿಡ ಅಂತ ಓದಿ ನೆಟ್ಟ ದಿನದಿಂದಲೇ ನೀರು ನಿಲ್ಲಿಸೋರಿದ್ದಾರೆ. ಬರ ತಡೆಯೋದು ಬೇರು ಊರಿದ ಗಿಡ, ನಿನ್ನೆ ಮೊನ್ನೆ ನೆಟ್ಟ ಕಡ್ಡಿ ಅಲ್ಲ. ನನ್ನ ಕ್ರಮ ಹೀಗಿದೆ: ಮೊದಲ ವಾರ ದಿನಾ ಬೆಳಗ್ಗೆ ಮೇಲಿನ ಒಂದು ಇಂಚು ಒದ್ದೆ ಆಗೋಷ್ಟು ಚಿಮುಕಿಸೋದು, ಎರಡನೇ ವಾರ ದಿನ ಬಿಟ್ಟು ದಿನ, ಮೂರನೇ ವಾರ ಮೂರು ದಿನಕ್ಕೊಂದು ಸಲ, ನಾಲ್ಕನೇ ವಾರದಿಂದ ಗಿಡ ಕೇಳಿದಾಗ ಮಾತ್ರ. ನೆಟ್ಟ ಮೊದಲ ಮೂರು ನಾಲ್ಕು ದಿನ ತೀರಾ ಉರಿಬಿಸಿಲಿದ್ರೆ ಮಧ್ಯಾಹ್ನದ ಹೊತ್ತು ಹಳೇ ಪಂಚೆನೋ ನೆಟ್ಟೋ ಮೇಲೆ ಕಟ್ಟಿ, ಅಷ್ಟು ದಿನ ಮಾತ್ರ, ಆಮೇಲೆ ತೆಗೆದುಬಿಡಿ.

ಇದೇ ಹೊತ್ತಲ್ಲಿ ಕಳೆ ಕೀಳೋದನ್ನ ತಪ್ಪಿಸ್ಬೇಡಿ. ಪಾತಿ ಮುಚ್ಚಿದ ಮೇಲೆ ಕಳೆಗೆ ಬೆಳಕು ಸಿಗಲ್ಲ, ಅಲ್ಲಿಗೆ ಹೆಚ್ಚಿನ ಕೆಲಸ ಮುಗೀತು, ಆದ್ರೆ ಅಲ್ಲಿವರೆಗೆ ವಾರಕ್ಕೊಂದು ಸಲ ಹತ್ತು ನಿಮಿಷ ಕೂರಲೇಬೇಕು. ತೆಂಗಿನ ನಾರು, ಒಣ ಎಲೆ ಮುಚ್ಚಿಗೆ ಹಾಕೋಣ್ವಾ ಅಂತ ಕೇಳ್ತಾರೆ, ಬೇರೆ ಗಿಡಕ್ಕೆ ಒಳ್ಳೇದು, ಇದಕ್ಕೆ ಬೇಡ, ಬುಡದ ಹತ್ರ ತೇವ ಹಿಡಿದಿಡತ್ತೆ. ಏನಾದ್ರೂ ಹಾಕಲೇಬೇಕು ಅಂದ್ರೆ ಸಣ್ಣ ಜಲ್ಲಿ ತೆಳ್ಳಗೆ ಹರಡಿ.

ನೀರು

ಗಿಡ ಬೇರೂರಿದ ಮೇಲೆ ಕ್ಯಾಲೆಂಡರ್ ನೋಡಿ ನೀರು ಕೊಡೋದು ಬಿಡಿ, ಎಲೆ ಹಿಡಿದು ನೋಡಿ. ನೀರಿರೋ ಎಲೆ ಎರಡು ಬೆರಳ ಮಧ್ಯೆ ಒತ್ತಿದ್ರೆ ಗಟ್ಟಿಯಾಗಿ ಉರುಟಾಗಿ ಇರತ್ತೆ. ನೀರು ಬೇಕಾದಾಗ ಅದೇ ಎಲೆ ಸ್ವಲ್ಪ ಚಪ್ಪಟೆಯಾಗಿ, ಉದ್ದಕ್ಕೆ ಸಣ್ಣ ಗೆರೆ ಬಿದ್ದು, ಒತ್ತಿದ್ರೆ ಮೆತ್ತಗೆ ಬಾಗತ್ತೆ. ಆಗ ಒಂದು ಸಲ ಚೆನ್ನಾಗಿ, ಆಳಕ್ಕೆ ಇಳಿಯೋ ಹಾಗೆ ಕೊಡಿ. ಮೇಲೆ ಹೇಳಿದ 10 ಅಡಿ 4 ಅಡಿ ಪಾತಿಗೆ ಅರ್ಧ ಇಂಚು ನೀರು ಅಂದ್ರೆ ಸುಮಾರು 47 ಲೀಟರ್, ದೊಡ್ಡ ಬಕೆಟ್‌ನಲ್ಲಿ ಮೂರು. ಒಣ ಬೇಸಿಗೆಯಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಂದು ಸಲ ಹೀಗೆ ಕೊಟ್ರೆ ಆಯ್ತು. ದಿನಾ ಒಂದೊಂದು ಮಗ್ ಚಿಮುಕಿಸೋದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ, ಬೇರು ಮೇಲೇ ಉಳಿಯತ್ತೆ, ಬುಡ ಸದಾ ಒದ್ದೆ ಇರತ್ತೆ.

ಇಲ್ಲಿ ಎಲ್ಲರೂ ಎಡವೋದು ಒಂದೇ ಕಡೆ. ನೀರು ಕಮ್ಮಿ ಆದ್ರೂ ಗಿಡ ಜೋತು ಬೀಳತ್ತೆ, ನೀರು ಜಾಸ್ತಿ ಆಗಿ ಬೇರು ಕೊಳೆತ್ರೂ ಗಿಡ ಜೋತು ಬೀಳತ್ತೆ, ದೂರದಿಂದ ನೋಡೋಕೆ ಎರಡೂ ಒಂದೇ. ಜೋತು ಬಿದ್ದ ಗಿಡಕ್ಕೆ ಇನ್ನೂ ನೀರು ಹಾಕೋ ಮುಂಚೆ ಬಗ್ಗಿ ಬುಡ ನೋಡಿ. ಬುಡ ಗಟ್ಟಿಯಾಗಿ ಕೆಂಪು ಹಸಿರಾಗಿದ್ದು ಎಲೆ ಸುಕ್ಕಾಗಿದ್ರೆ ಬಾಯಾರಿಕೆ. ಬುಡ ಕಂದು ಬಣ್ಣಕ್ಕೆ ತಿರುಗಿ ಒತ್ತಿದ್ರೆ ಹಿಸುಕಿ, ಎಲೆ ಹಳದಿಯಾಗಿ ಗಾಜಿನ ಹಾಗೆ ಪಾರದರ್ಶಕ ಆಗಿ ಮುಟ್ಟಿದ್ರೆ ಉದುರ್ತಾ ಇದ್ರೆ ಅದು ಕೊಳೆತ. ಕೊಳೆತದ್ದನ್ನ ಉಳಿಸೋಕಾಗಲ್ಲ, ಆದ್ರೆ ತುದಿ ಇನ್ನೂ ಗಟ್ಟಿ ಇದ್ರೆ ಕತ್ತರಿಸಿ, ಬಾಯಿ ಒಣಗಿಸಿ, ಬೇರೆ ಕಡೆ ನೆಡಿ, ಗಿಡ ಹೋದ್ರೂ ತಳಿ ಉಳಿಯತ್ತೆ. ನನ್ನ ಮೊದಲ ಪಾತಿಯಿಂದ ಹಾಗೆ ಉಳಿದ ಏಳು ತುದಿಗಳಿಂದಲೇ ಈಗಿರೋ ಗುಲಾಬಿ ಬಣ್ಣದ ಪೂರ್ತಿ ಭಾಗ ಆಗಿರೋದು.

ಮಳೆಗಾಲದಲ್ಲಿ ಒಂದು ಹನಿಯೂ ನಾವು ಕೊಡ್ಬೇಕಾಗಿಲ್ಲ. ಜೋರು ಮಳೆ ನಿಂತ ಮೇಲೆ ಪಾತಿ ಸುತ್ತ ಹೋಗಿ ಎಲ್ಲಾದ್ರೂ ನೀರು ನಿಂತಿದ್ಯಾ ನೋಡಿ, ಸಲಿಕೆಯಲ್ಲಿ ಸಣ್ಣ ಕಾಲುವೆ ತೆಗೆದು ಬಿಡಿ.

ಗೊಬ್ಬರದ ವಿಷಯ ಎರಡೇ ಮಾತು. ನೆಡುವಾಗ ಹಾಕಿದ್ದೇ ಸಾಕು, ಬೇಕಂದ್ರೆ ಎರಡು ತಿಂಗಳಿಗೊಂದು ಸಲ ತೆಳ್ಳಗೆ ಎರೆಗೊಬ್ಬರ ಉದುರಿಸಿ. ಯೂರಿಯಾ ಥರದ ಸಾರಜನಕ ಜಾಸ್ತಿ ಇರೋದು ಹಾಕಿದ್ರೆ ಕಡ್ಡಿ ಉದ್ದುದ್ದ ಬೆಳೆದು ಹೂ ಕಮ್ಮಿಯಾಗತ್ತೆ.

ಹೂ ಯಾಕೆ ಬಿಚ್ಚಿಲ್ಲ ಅಂತ ಚಿಂತೆ ಮಾಡೋ ಮುಂಚೆ

ಒಂದು ಹೂವಿನ ಆಯಸ್ಸು ಒಂದೇ ದಿನ. ಬಿಸಿಲು ಏರಿ ಬೆಚ್ಚಗಾದ ಮೇಲೆ ಬಿಚ್ಚತ್ತೆ, ಇಳಿ ಹೊತ್ತಿಗೆ ಮುಚ್ಕೊಳ್ಳತ್ತೆ, ಮಾರನೇ ದಿನ ಪಕ್ಕದ ಮೊಗ್ಗಿನ ಸರದಿ. ಬೆಳಕು, ಬಿಸಿ ಎರಡೂ ಬೇಕಾಗಿರೋದ್ರಿಂದ ಮೋಡ ಮುಸುಕಿದ ತಣ್ಣನೆ ದಿನ ಮೊಗ್ಗು ತುಂಬಿದ್ರೂ ಒಂದೂ ಬಿಚ್ಚದೆ ಇರಬಹುದು, ಅದು ರೋಗ ಅಲ್ಲ. ಬೆಳಗ್ಗೆ ಆರಕ್ಕೆ ಎದ್ದು ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರೋರು ರಜೆ ದಿನ ಮಾತ್ರ ಇದರ ಹೂ ನೋಡೋಕೆ ಸಾಧ್ಯ, ನೆಡೋ ಮುಂಚೆ ಇದನ್ನೂ ಯೋಚಿಸಿ. ಆದ್ರೆ ಬಿಸಿಲಿರೋ ದಿನನೂ ಸತತ ಹೂ ಇಲ್ಲ, ಕಡ್ಡಿ ಉದ್ದ ಆಗಿ ಗೆಣ್ಣು ದೂರ ದೂರ ಆಗಿದೆ ಅಂದ್ರೆ ನೆರಳು ಜಾಸ್ತಿ ಇದೆ ಇಲ್ಲಾ ಗೊಬ್ಬರ ಜಾಸ್ತಿ ಆಗಿದೆ ಅಂತ ಅರ್ಥ.

ಬಿಚ್ಚಿದ ಹೂವನ್ನ ಒಮ್ಮೆ ಹತ್ರದಿಂದ ನೋಡಿ. ಮಧ್ಯದಲ್ಲಿ ಹಳದಿ ಕೇಸರಗಳ ಒಂದು ಗೊಂಚಲು ಇರತ್ತೆ. ಒಂದು ಹುಲ್ಲಿನ ಎಸಳು ತಗೊಂಡು ಅದನ್ನ ಒಂದು ಕಡೆಯಿಂದ ಮೆತ್ತಗೆ ತಾಗಿಸಿ, ಕೈ ಅಲ್ಲಾಡಿಸದೆ ಕಾಯಿರಿ. ಕೇಸರಗಳು ನೀವು ಮುಟ್ಟಿದ ಕಡೆಗೇ ಬಾಗಿ ಬರ್ತಾವೆ, ಬರಿಗಣ್ಣಿಗೇ ಕಾಣೋ ಹಾಗೆ. ಹೂವಿಗೆ ಬಂದ ಜೇನುಹುಳದ ಮೈಗೆ ಪರಾಗ ಒರೆಸೋಕೆ ಇದು ನೆರವಾಗತ್ತೆ. ಮಕ್ಕಳಿಗೆ ತೋರಿಸಿ, ಪಾತಿ ಹತ್ರ ಹೋಗೋಕೆ ಅವರಿಗೆ ಅದೊಂದೇ ಕಾರಣ ಸಾಕು. ಇನ್ನೊಂದು, ಈ ಬಣ್ಣಗಳು ಗುಲಾಬಿ ದಾಸವಾಳದಲ್ಲಿರೋ ಥರದ ಬಣ್ಣದ ವಸ್ತುವಿನಿಂದ ಬಂದದ್ದಲ್ಲ, ಬೀಟ್‌ರೂಟ್, ಕಾಗದದ ಹೂವಿನಲ್ಲಿರೋ ಬೀಟಾಲೇನ್ ಅನ್ನೋ ಗುಂಪಿನದು, ಆ ಕಣ್ಣು ಕುಕ್ಕೋ ಗುಲಾಬಿ ಬಣ್ಣ ನೋಡಿದ್ರೆ ಹೋಲಿಕೆ ಸಿಗತ್ತೆ.

ಕತ್ತರಿ ಹಾಕೋಕೆ ಹೆದರಬೇಡಿ

ಬಾಡಿದ ಹೂ ಒಂದೊಂದಾಗಿ ಕೀಳೋ ಅಗತ್ಯ ಇಲ್ಲ, ತಾನಾಗೇ ಮುದುಡಿ ಹೋಗತ್ತೆ. ಆದ್ರೆ ಎರಡು ಮೂರು ತಿಂಗಳಾದ ಮೇಲೆ ಪಾತಿ ಮಧ್ಯ ಬೋಳಾಗಿ ಬರೀ ಕಡ್ಡಿ ಕಾಣಿಸ್ತಾ ಹೂ ಎಲ್ಲಾ ತುದಿಗೆ ಹೋಗಿರತ್ತೆ. ಆಗ ನೆಲದಿಂದ ಎರಡು ಮೂರು ಇಂಚು ಬಿಟ್ಟು ಕತ್ತರಿಸಿ, ಪ್ರತಿ ಕಡ್ಡಿಯಲ್ಲೂ ಒಂದಿಷ್ಟು ಹಸಿರು ಎಲೆ ಉಳಿದಿರಲಿ. ಇಡೀ ಪಾತಿ ಒಂದೇ ದಿನ ಬೋಳಿಸೋಕೆ ಮನಸ್ಸು ಬರಲ್ಲ ಅನ್ನೋರು ಅರ್ಧ ಈಗ, ಉಳಿದರ್ಧ ಮೂರು ವಾರ ಬಿಟ್ಟು ಮಾಡಿ, ನಾನು ಹಾಗೇ ಮಾಡೋದು, ಯಾವಾಗಲೂ ಒಂದು ಕಡೆ ಹೂ ಇರತ್ತೆ. ಒಣ ದಿನ ನೋಡಿ ಕತ್ತರಿಸಿ, ಮಳೆ ಬರೋ ಸೂಚನೆ ಇದ್ರೆ ಮುಂದಕ್ಕೆ ಹಾಕಿ. ಕತ್ತರಿಸಿದ ತುದಿ ಎಸೀಬೇಡಿ, ಖಾಲಿ ಕಡೆ ನೆಡಿ, ಮಿಕ್ಕಿದ್ದು ಕೇಳಿದವರಿಗೆ ಕೊಡಿ.

ಹುಳ ರೋಗ ಅಷ್ಟಾಗಿ ಬರಲ್ಲ. ಗೆಣ್ಣಿನ ಸಂದಿಯಲ್ಲಿ ಬಿಳಿ ಹತ್ತಿ ಥರ ಕಂಡ್ರೆ ಹಿಟ್ಟು ತಿಗಣೆ, ಆದ್ರೆ ಗ್ರಾಂಡಿಫ್ಲೋರಾಗೆ ಅಲ್ಲಿ ಸಹಜವಾಗೇ ಬಿಳಿ ಕೂದಲು ಇರತ್ತೆ ಅಂತ ಮೇಲೆ ಹೇಳಿದ್ನಲ್ಲ, ಉಗುರಲ್ಲಿ ಕೆರೆದು ನೋಡಿ, ಅಂಟಂಟಾಗಿ ಒರೆಸಿದ್ರೆ ಬಂದುಬಿಟ್ರೆ ಅದು ಹುಳ, ಕೂದಲಾದ್ರೆ ಹಾಗೇ ನಿಂತಿರತ್ತೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ ಕಲಕಿ ಸಾಯಂಕಾಲ ಹೊಡೀರಿ, ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡತ್ತೆ. ಗಿಡಹೇನಿಗೂ ಅದೇ. ಮಳೆಗಾಲದಲ್ಲಿ ಬಸವನಹುಳು ರಾತ್ರಿ ಬಂದು ಎಳೆ ತುದಿ ತಿಂದು ಹೋಗತ್ತೆ, ಟಾರ್ಚ್ ಹಿಡಿದು ಆರಿಸಿ ತೆಗೆಯೋದೇ ಸರಿ. ಎಲೆ ಮೇಲೆ ಬಿಳಿ ಗುಳ್ಳೆಗಳ ಹಾಗೆ ಕಂಡ್ರೆ ಬಿಳಿ ತುಕ್ಕು ರೋಗ, ಆ ಭಾಗ ಕತ್ತರಿಸಿ ಪಾತಿಯಿಂದ ಆಚೆ ಹಾಕಿ, ಎಲೆ ಮೇಲೆ ನೀರು ಬೀಳದ ಹಾಗೆ ನೋಡ್ಕೊಳ್ಳಿ. ಮನೇಲಿ ನಾಯಿ ಬೆಕ್ಕು ಇರೋರು ಗಮನಿಸಿ, ಈ ಗಿಡದಲ್ಲಿ ಆಕ್ಸಲೇಟ್ ಅನ್ನೋ ರಾಸಾಯನಿಕ ಇದೆ, ಅವು ಜಾಸ್ತಿ ತಿಂದ್ರೆ ತೊಂದರೆ ಆಗತ್ತೆ, ಎಲೆ ಕಡಿಯೋ ಅಭ್ಯಾಸ ಇರೋ ಪ್ರಾಣಿ ಇದ್ರೆ ಪಾತಿಗೆ ಒಂದು ಸಣ್ಣ ತಡೆ ಹಾಕಿ.

ಚಳಿಗಾಲ ಮತ್ತೆ ಬೀಜ

ಹಿಮ ಬೀಳೋ ಕಡೆ ಈ ಗಿಡ ಉಳಿಯಲ್ಲ, ಮೊದಲ ಹಿಮಕ್ಕೇ ನೀರು ನೀರಾಗಿ ಕುಸಿದು ಹೋಗತ್ತೆ. ಅಂಥ ಕಡೆ ಇರೋರು ಚಳಿ ಶುರು ಆಗೋ ಮುಂಚೆ ಒಂದೊಂದು ಬಣ್ಣದ ನಾಲ್ಕು ಕಡ್ಡಿ ಸಣ್ಣ ಪಾಟ್‌ಗೆ ಹಾಕಿ ಬಿಸಿಲು ಬೀಳೋ ಕಿಟಕಿ ಹತ್ರ ಇಟ್ಕೊಳ್ಳಿ, ನೀರು ತೀರಾ ಕಮ್ಮಿ ಕೊಡಿ, ಹೂ ನಿರೀಕ್ಷೆ ಮಾಡ್ಬೇಡಿ, ಬದುಕಿರೋದೊಂದೇ ಗುರಿ. ಬೆಚ್ಚಗಿನ ಕಡೆ ಇದು ವರ್ಷ ದಾಟಿನೂ ಇರತ್ತೆ, ಆದ್ರೆ ಹಳೇ ಬುಡ ಸೊರಗತ್ತೆ, ವರ್ಷಕ್ಕೊಂದು ಸಲ ಹೊಸ ಕಡ್ಡಿಯಿಂದ ಪಾತಿ ಮತ್ತೆ ಕಟ್ಟೋದು ಒಳ್ಳೇದು.

ಬೀಜ ಹಿಡಿಯೋಕೆ ಕಣ್ಣು ಚುರುಕಾಗಿರಬೇಕು. ಹೂ ಮುದುಡಿದ ಮೇಲೆ ಅಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಕಾಯಿ ಕಟ್ಟತ್ತೆ, ಮೊದಲು ಹಸಿರು, ಬಲಿತಾಗ ಒಣಹುಲ್ಲಿನ ಬಣ್ಣ. ಈ ಕಾಯಿ ಬೇರೆ ಕಾಯಿಗಳ ಥರ ಉದ್ದಕ್ಕೆ ಸೀಳಲ್ಲ, ಸೊಂಟದ ಸುತ್ತ ಒಂದು ಗೆರೆ ಬಿಟ್ಟು ಮೇಲಿನ ಅರ್ಧ ಭರಣಿ ಮುಚ್ಚಳದ ಹಾಗೆ ಕಳಚಿ ಬೀಳತ್ತೆ, ಒಳಗೆ ಬಟ್ಟಲು ತುಂಬಾ ಬೂದು ಬೀಜ. ಮುಚ್ಚಳ ಬಿದ್ದ ಮೇಲೆ ಒಂದು ಗಾಳಿ ಬೀಸಿದ್ರೂ ಎಲ್ಲಾ ಚೆಲ್ಲಿ ಹೋಗತ್ತೆ. ಬಣ್ಣ ತಿರುಗಿದ ಕಾಯಿಗೆ ಕೆಳಗೆ ಕಾಗದ ಹಿಡಿದು ಮುಚ್ಚಳ ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಸಲೀಸಾಗಿ ಕಳಚಿದ್ರೆ ಬಲಿತಿದೆ, ಅಲ್ಲೇ ಬಗ್ಗಿಸಿ ಕಾಗದಕ್ಕೆ ಸುರ್ಕೊಳ್ಳಿ, ಎಳೆದ್ರೂ ಬರಲ್ಲ ಅಂದ್ರೆ ಇನ್ನೊಂದೆರಡು ದಿನ ಬಿಡಿ. ನೆರಳಲ್ಲಿ ಎರಡು ದಿನ ಒಣಗಿಸಿ, ಸಣ್ಣ ಪೇಪರ್ ಕವರ್‌ಗೆ ಹಾಕಿ, ಬಣ್ಣ, ತಿಂಗಳು, ವರ್ಷ ಬರೆದಿಡಿ. ಪ್ಲಾಸ್ಟಿಕ್ ಕವರ್ ಬೇಡ, ಒಂಚೂರು ತೇವ ಉಳಿದಿದ್ರೂ ಬೂಷ್ಟು ಹಿಡಿಯತ್ತೆ.